ಪಿನಾಂಗಿನ ಹನ್ನೊಂದು ಮುಖಗಳು

೨೨ ಅಕ್ಟೋಬರ್ ೧೯೬೨, ಸೋಮವಾರ. ಚನ್ನರಾಯಪಟ್ಟಣ

ಇವತ್ತು ಸ್ಟಾಫ್ ರೂಮಿಗೆ ಕಾಲಿಟ್ಟ ಕೂಡಲೇ ಸೈನ್ಸ್ ಮೇಷ್ಟ್ರು ಪಾಲಾಕ್ಷ ಪೇಪರು ಮಡಿಸಿ, "ಬನ್ನಿ ಯೋಗಾನರಸಿಂಹ, ನಿಮ್ಮ ಚೀನಾ ನೆಂಟ್ರು ಗಡಿ ದಾಟಿ ಬಂದ್ಬಿಟ್ರಂತಲ್ಲ, ಊಟಕ್ಕೆ ಎಲೆ ಹಾಕ್ಸಿದೀರಾ?" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಎಲ್ಲರಿಗಿಂತ ತುಸು ಜೋರಾಗಿಯೇ ನಕ್ಕೆ. ಆಮೇಲೆ ಡ್ರಾಯಿಂಗ್ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಹೂಜಿ ಬರೆಯುತ್ತಾ ಆ ನಗುವನ್ನೇ ನೆನೆಸಿಕೊಂಡು ಅದರ ಕತ್ತನ್ನು ಎರಡು ಸಲ ಅಳಿಸಿ ಬರೆದೆ.

ತಪ್ಪು ನನ್ನದೇ. ಎರಡು ವಾರದ ಹಿಂದೆ ದಸರಾಕ್ಕೆ ಸ್ಕೂಲಿನ ಹಾಲಿನಲ್ಲಿ ನಾನು ಬರೆದ ಮುಖಗಳ ಕಟ್ಟನ್ನು ಬಿಚ್ಚಿ, ಹಾಳೆ ಹಾಳೆಯಾಗಿ ದಾರಕ್ಕೆ ತೂಗುಹಾಕಿದ್ದೆ. ಪ್ರತಿ ವರ್ಷದ ಹುಚ್ಚು ಅದು. ೧೯೫೧ರಲ್ಲಿ ಒಂದು ಸರ್ಕಸ್ ಕಂಪನಿಗೆ ಬೋರ್ಡು ಬರೆಯುವವನಾಗಿ ಸೇರಿ ಹಡಗು ಹತ್ತಿದೆನಲ್ಲ, ಆ ಎರಡು ವರ್ಷದಲ್ಲಿ ಕೊಲಂಬೊ, ರಂಗೂನ್, ಮಲಯಾದ ಪಿನಾಂಗ್, ಸಿಂಗಪುರದಲ್ಲಿ ಕಂಡವರ ಮುಖಗಳು. ಒಟ್ಟು ನಲವತ್ತಮೂರು. ಅದರಲ್ಲಿ ಹನ್ನೊಂದು ಪಿನಾಂಗಿನ ಚೀನಿಯರದು. ಕೂತವರು ತಮ್ಮ ಹೆಸರನ್ನು ತಮ್ಮ ಲಿಪಿಯಲ್ಲೇ ಕೆಳಗೆ ಬರೆಯಬೇಕು ಎನ್ನುವುದು ನಾನು ಮಾಡಿಕೊಂಡ ಕಟ್ಟಳೆ. ಆದ್ದರಿಂದ ಹನ್ನೊಂದರಲ್ಲಿ ಹತ್ತು ಹಾಳೆಯ ತಳದಲ್ಲಿ ಚೀನೀ ಅಕ್ಷರ. ಇಡೀ ಚನ್ನರಾಯಪಟ್ಟಣವೇ ಬಂದು ನೋಡಿ ಹೋಗಿದೆ. ತೆಂಗಿನಕಾಯಿ ಮಂಡಿಯ ಹಮಾಲರು ಕೂಡ ನೋಡಿದ್ದಾರೆ.

ನನಗೆ ಆ ಹನ್ನೊಂದರ ಮೇಲೆ ಪ್ರಾಣ. ಪಿನಾಂಗಿನಲ್ಲಿ ವಿಷಮಶೀತ ಜ್ವರ ಬಂದಾಗ ಕಂಪನಿ ನನ್ನನ್ನು ಬಿಟ್ಟು ಮುಂದಿನ ಊರಿಗೆ ಹೋಯಿತು. ಔಷಧಿ ಅಂಗಡಿಯ ಲಿಮ್ ಕರೆದುಕೊಂಡು ಹೋಗಿ ತಮ್ಮ ಮನೆಯಲ್ಲಿ ಮಲಗಿಸಿದರು. ಅವರ ತಾಯಿ ಮೂವತ್ತು ದಿನ ಗಂಜಿ ಕುಡಿಸಿದರು. ಎಲ್ಲರೂ ಅವರನ್ನು ಆ-ಮಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ನಾನು ಮೀನು ಮುಟ್ಟದವನೆಂದು ತಿಳಿದ ದಿನ ಆ-ಮಾ ಪೇಟೆಗೆ ಹೋಗಿ ನನಗೇ ಬೇರೆ ಮಡಕೆ ತಂದರು. ಹೆತ್ತ ತಾಯಿಯನ್ನು ಎಂಟನೇ ವಯಸ್ಸಿನಲ್ಲಿ ಕಳೆದುಕೊಂಡವನು ನಾನು. ಇನ್ನು ಹೆಚ್ಚು ಬರೆಯಲಾರೆ. ಈಗಲೂ ವರ್ಷಕ್ಕೊಂದು ಕಾಗದ ಲಿಮ್ ಇಂಗ್ಲಿಷಿನಲ್ಲಿ ಬರೆಯುತ್ತಾರೆ, ನಾನು ಉತ್ತರ ಬರೆಯುತ್ತೇನೆ.

೨೭ ಅಕ್ಟೋಬರ್, ಶನಿವಾರ

ನಿನ್ನೆ ತುರ್ತು ಪರಿಸ್ಥಿತಿ ಸಾರಿದರು. ಇವತ್ತು ಮನೆಯಲ್ಲಿ ನೀರು ತುಂಬುವ ಹಬ್ಬ. ಹೆಂಡತಿ ಗೋದಮ್ಮ ಹಂಡೆಗೆ ಹುಣಿಸೆಹಣ್ಣು ಹಾಕಿ ತಿಕ್ಕುತ್ತಿದ್ದಾಗ ಸ್ಕೂಲಿನ ಜವಾನ ದ್ಯಾವಯ್ಯ ಮಾವಿನಸೊಪ್ಪು ತಂದುಕೊಟ್ಟು, ಹೊಸ್ತಿಲ ಮೇಲೆ ಕೂತು ಸುದ್ದಿ ಹೇಳಿದ.

"ಬೆಂಗ್ಳೂರ್ನಾಗೆ ಬಾಯಿಗೆ ಅಲ್ಲು ಕಟ್ಟೋ ಚೀನಾದೋನ ಅಂಗ್ಡಿ ಮುಚ್ಚುಸ್ಬುಟ್ಟವ್ರಂತೆ ಸಾ. ಅವ್ನ್ ಜತೆ ಕಾಗ್ದ ಪತ್ರ ಇಟ್ಕಂಡಿದ್ದೋರ್ನೂ ಬುಡಾಕಿಲ್ವಂತೆ ಕಣ್ ಸಾ."

"ಯಾರು ಹೇಳಿದರು?"

"ಬಸ್ಸಿನೋರು ಯೋಳಿದ್ರು."

ಬಸ್ಸಿನವರು ಹೇಳಿದ್ದೆಲ್ಲ ನಿಜವಾದರೆ ಹಾಸನದ ರಸ್ತೆಯಲ್ಲಿ ದಿನಕ್ಕೊಂದು ಚಿರತೆ ಸಿಗಬೇಕಿತ್ತು. ಹಾಗೆಂದು ನಾನೇ ಅಂದುಕೊಂಡೆ. ಅಂದುಕೊಂಡರೂ ಊಟ ಸೇರಲಿಲ್ಲ.

ಅವನು ಹೋದ ಮೇಲೆ ಗೋದಮ್ಮ ಮೆಲ್ಲಗೆ, "ಆ ಕಟ್ಟು ಮನೇಲಿರೋದು ಬೇಡಾಂದ್ರೆ. ನಾಳೆ ಬೆಳಿಗ್ಗೆ ಹೇಗೂ ಒಲೆ ಉರಿಯತ್ತೆ" ಎಂದಳು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಮೊದಲು ನನ್ನ ಬಲಗೈ ಹಾಕು ಒಲೆಗೆ" ಎಂದು ಕಿರುಚಿದೆ. ಅವಳು ಮತ್ತೆ ಆ ಮಾತು ಎತ್ತಲಿಲ್ಲ. ಕಟ್ಟನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದೇನೆ.

೩೦ ಅಕ್ಟೋಬರ್, ಮಂಗಳವಾರ

ಆಯಿತು, ಬಂದೇಬಿಟ್ಟಿತು. ಮಧ್ಯಾಹ್ನ ದ್ಯಾವಯ್ಯ ಕ್ಲಾಸಿನ ಬಾಗಿಲಲ್ಲಿ ನಿಂತು, ನಲವತ್ತು ಮಕ್ಕಳ ಎದುರಿಗೇ, "ದಫೇದಾರ್ ಬೋರಪ್ನೋರು ನಾಳೀಕೆ ಟೇಸನ್ ತಕೆ ಬರ್ಬೇಕಂತ ಯೋಳವ್ರೆ ಸಾ. ಆ ಮಕದ್ ಪುಸ್ತ್ಕಾನೂ ತರ್ಬೇಕಂತೆ" ಎಂದ.

ಸಂಜೆ ಬಾಗಿಲು ಹಾಕಿಕೊಂಡು ಗೋದಮ್ಮನ ಹೊಲಿಗೆ ಕತ್ತರಿ ತೆಗೆದುಕೊಂಡೆ. ಹೆಸರು ಹೋದರೆ ಅದು ಬರೀ ಮುಖ. ಮುಖಕ್ಕೆ ದೇಶ ಯಾವುದು? ರಂಗೂನಿನದು ಅನ್ನಬಹುದು, ನೇಪಾಳದ್ದು ಅನ್ನಬಹುದು. ಹತ್ತು ಹಾಳೆಯ ತಳವನ್ನು ಒಂದೊಂದು ಬೆರಳಗಲ ಕತ್ತರಿಸಿ ಪಟ್ಟಿಗಳನ್ನು ಒಲೆಗೆ ಹಾಕಿದೆ. ಲಿಮ್ ಅವರ ಪಟ್ಟಿ ಹಾಕುವಾಗ ಕಣ್ಣಲ್ಲಿ ನೀರು ಬಂತು. ಆ-ಮಾ ಅವರಿಗೆ ಓದುಬರಹ ಬಾರದು, ಹೆಬ್ಬೆಟ್ಟು ಒತ್ತಿದ್ದರು. ಅದನ್ನು ಕತ್ತರಿಸಲಿಲ್ಲ. ಹೆಬ್ಬೆಟ್ಟಿಗೆ ಭಾಷೆ ಇಲ್ಲವಲ್ಲ.

೩೧ ಅಕ್ಟೋಬರ್, ಬುಧವಾರ

ಬೋರಪ್ಪ ಕುರ್ಚಿ ಕೊಟ್ಟ. ಕಾಫಿ ತರಿಸಿದ. ಕಾಫಿ ತರಿಸಿದ್ದು ನೋಡಿ ಕಟ್ಟನ್ನು ತೊಡೆಯ ಮೇಲೆ ಇನ್ನೂ ಬಿಗಿಯಾಗಿ ಹಿಡಿದುಕೊಂಡೆ.

"ನಮ್ಮವ್ವ ಮಾದಮ್ಮಂದು ಒಂದ್ ಪೋಟಾನೂ ಇಲ್ಲ ಸಾಮಿ. ಎಂಬತ್ತಾಗೈತೆ, ಇವತ್ತೋ ನಾಳ್ಯೋ ಅಂಬಂಗೆ ಅವ್ಳೆ. ಪೋಟಾ ಡಬ್ಬ ಕಂಡ್ರೆ ಎದ್ರುಕತ್ತಾಳೆ. ನೀವು ಕೈಯಾಗೇ ಬರೀತೀರಂತಲ್ಲ. ಮುದುಕೀರ್ ಮಕ ಎಂಗ್ ಬರ್ದಿದ್ದೀರಿ ನೋಡಾನಾ ಅಂತ ತರೇಳ್ದೆ."

ಇಷ್ಟೇ! ಅವನು ಹಾಳೆ ಮಗುಚುತ್ತಾ ಆ-ಮಾ ಹತ್ತಿರ ಬಂದು ನಿಂತ. "ಈ ಅವ್ವ ಯಾವೂರೋರು?"

"ಬರ್ಮಾ" ಎಂದೆ. ಕೇಳುವ ಮೊದಲೇ ನಾಲಿಗೆಯ ಮೇಲೆ ಸಿದ್ಧವಾಗಿತ್ತು.

"ಇವೆಲ್ಲ ಯಾಕೆ ತಳದಾಗೆ ಕತ್ರಿ ಆಕಿದ್ದೀರಿ?"

"ಇಲಿ ಕಡಿದಿತ್ತು. ಅದಕ್ಕೆ ಸರಿ ಮಾಡಿದೆ."

"ಅತ್ತೂ ಆಳೇಗೂ ಕಡಿದ್ಬುಡ್ತಾ? ಒಳ್ಳೆ ಲೆಕ್ಕಾಚಾರುದ್ ಇಲಿ ಕಣ್ ಸಾಮಿ" ಎಂದು ನಕ್ಕ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನ್ನ ಕತೆ. ಕತ್ತರಿಸದೆ ಬಿಟ್ಟಿದ್ದರೆ ಅವನು ಅತ್ತ ನೋಡುತ್ತಲೂ ಇರಲಿಲ್ಲ. ಅವನ ತಾಯಿಯನ್ನು ಬರೆದುಕೊಡುತ್ತೇನೆ ಎಂದು ಮಾತು ಕೊಟ್ಟು ಬಂದೆ. ಬರುವ ದಾರಿಯಲ್ಲಿ ಯೋಚನೆ ಹತ್ತಿತು. ತಾಯಿ ಅನ್ನುವುದು ನೆಪ ಇರಬಹುದೇ? ಪೊಲೀಸಿನವರು ಹಾಗೆಯೇ ಮೆತ್ತಗೆ ಶುರುಮಾಡುತ್ತಾರಂತೆ.

ಸಂಜೆ ಹೆಡ್‌ಮಾಸ್ಟರ್ ಚಂದ್ರಶೇಖರಯ್ಯನವರು ಕರೆದು, ಭಾನುವಾರ ಬಸ್‌ಸ್ಟ್ಯಾಂಡಿನ ಹತ್ತಿರ ಸಭೆ ಇದೆ, ಚೀನಾದ ಗೊಂಬೆ ಸುಡುತ್ತಾರೆ, "ಮುಖ ನೀವೇ ಬರೆದರೆ..." ಎಂದರು. ಅವರ ಮಾತು ಮುಗಿಯುವ ಮೊದಲೇ ಆಗಲಿ ಸಾರ್ ಎಂದೆ.

೩ ನವೆಂಬರ್, ಶನಿವಾರ

ಹನ್ನೆರಡು ಅಡಿಯ ಗೊಂಬೆ. ಮೈಯನ್ನು ತೆಂಗಿನ ಗರಿ, ಹುಲ್ಲಿನಲ್ಲಿ ದ್ಯಾವಯ್ಯ ಕಟ್ಟಿದ್ದಾನೆ. ಬಿದಿರು ತಟ್ಟಿಗೆ ಕಾಗದ ಅಂಟಿಸಿ ಮುಖ ಬರೆಯುವುದು ನನ್ನ ಕೆಲಸ. ನನ್ನ ಕುಂದು ನನಗೆ ಗೊತ್ತು, ಎದುರಿಗೊಂದು ಮುಖ ಇಲ್ಲದೆ ಕೈ ಓಡುವುದಿಲ್ಲ. ಇಲ್ಲದವನ ಮುಖ ಬರೆಯಲು ನನಗೆ ಬಾರದು. ಬೆಳಗಿನಿಂದ ಆರು ಸಲ ಬರೆದೆ. ಒಂದು ಹೆಡ್‌ಮಾಸ್ಟರ ಹಾಗೆ ಬಂತು, ಅದನ್ನು ತಕ್ಷಣ ಹರಿದೆ. ಇನ್ನೊಂದು ಪಾಲಾಕ್ಷನ ಹಾಗೆ ಬಂತು, ಅದನ್ನು ಹರಿಯಲು ಸ್ವಲ್ಪ ಹೊತ್ತು ಮಾಡಿದೆ.

ಕೊನೆಗೆ ಕಟ್ಟು ಬಿಚ್ಚಿ ಕ್ಷೌರಿಕ ತಾನ್ ಅವರ ಹಾಳೆಯನ್ನು ಮುಂದಿಟ್ಟುಕೊಂಡೆ. ಒಳ್ಳೆಯ ಮನುಷ್ಯ. ಜ್ವರ ಬಿಟ್ಟ ಮೇಲೆ ಮನೆಗೇ ಬಂದು ನನ್ನ ತಲೆ ಬೋಳಿಸಿ, ನಾಣ್ಯ ಕೊಡಹೋದರೆ ಕೈ ಹಿಂದೆ ಕಟ್ಟಿಕೊಂಡು ನಿಂತವರು. ಅವರ ಕೆನ್ನೆ, ಅವರ ಗಲ್ಲ ಬಂತು. ಮೇಲೆ ಎರಡು ಕೋರೆಹಲ್ಲು ಸೇರಿಸಿದೆ.

ಕಣ್ಣು ಬರೆಯಲಿಲ್ಲ. ಹೊಳೆನರಸೀಪುರದಲ್ಲಿ ನಮ್ಮ ದೊಡ್ಡಪ್ಪ ದೇವಸ್ಥಾನದ ವಾಹನಗಳಿಗೆ ಬಣ್ಣ ಹಾಕುವಾಗ ಹೇಳುತ್ತಿದ್ದರು, ಕಣ್ಣು ಬಿಡಿಸುವ ತನಕ ಅದು ಮರ, ಬಿಡಿಸಿದ ಮೇಲೆ ಅದು ಯಾರೋ ಒಬ್ಬರು ಎಂದು. ನಾನು ಮನುಷ್ಯರನ್ನು ಬರೆಯುವಾಗಲೂ ಕಣ್ಣು ಕೊನೆಗೇ. ಗೊಂಬೆಗೆ ಎರಡು ಬಿಳಿ ಗುಳಿ ಹಾಗೇ ಬಿಟ್ಟಿದ್ದೇನೆ. ಕಣ್ಣಿಲ್ಲದ್ದು ತಾನ್ ಅಲ್ಲ. ಸುಡುವುದು ಬರೀ ಕಾಗದ.

೪ ನವೆಂಬರ್, ಭಾನುವಾರ

ಸುಟ್ಟರು. ಜನವೋ ಜನ. ನಾನು ಬಸ್ಸಿನ ಹಿಂದೆ ನಿಂತಿದ್ದೆ. ಬೋರಪ್ಪ ದೂರದಿಂದ ನನ್ನ ಕಡೆ ಕೈ ಬೀಸಿದ. ಯಾಕೆ ಬೀಸಿದ?

೧೧ ನವೆಂಬರ್, ಭಾನುವಾರ. ಅರಕಲಗೂಡು

ಅರಕಲಗೂಡಿನವರು ನಮ್ಮ ಗೊಂಬೆಯ ಸುದ್ದಿ ಕೇಳಿ ನನ್ನನ್ನು ಕರೆಸಿದರು. ಹೆಡ್‌ಮಾಸ್ಟರು ರಜೆ ಕೊಟ್ಟು, "ಹೋಗಿ ಬನ್ನಿ, ನಿಮಗೂ ಒಳ್ಳೇದು" ಎಂದರು. ನಿಮಗೂ ಒಳ್ಳೇದು ಎಂದರೆ ಏನರ್ಥ? ಏನು ಕೇಳಿದ್ದಾರೆ, ಯಾರು ಹೇಳಿದ್ದಾರೆ? ಬಸ್ಸಿನುದ್ದಕ್ಕೂ ಅದೇ. ಬೋರಪ್ಪನೇ ಹೇಳಿರಬೇಕು. ಅವನ ತಾಯಿಯನ್ನು ಬರೆಯಲು ಈ ವಾರ ಹೋಗಬೇಕಾಗಿತ್ತು, ಹೋಗಲಿಲ್ಲ. ಅವನ ಮನೆಯ ಒಳಗೆ ಕಾಲಿಟ್ಟರೆ ಮಾತು ಮಾತಿಗೆ ಇನ್ನೇನು ಬಾಯಿ ಬಿಡಿಸುತ್ತಾನೋ.

ಈ ಸಲ ಪಿನಾಂಗಿನ ಹಡಗುಕಟ್ಟೆಯ ಅಡಿಗೆಯವನ ಹಾಳೆ ನೋಡಿ ಮುಖ ಬರೆದಿದ್ದೆ. ಸಭೆಯ ಉಸ್ತುವಾರಿ ನೋಡುವ ಶಿವಯ್ಯ ಅನ್ನುವವರು ಗೊಂಬೆಗೆ ಒಂದು ಸುತ್ತು ಬಂದು ತಲೆ ಕೊಡವಿದರು.

"ಇದೇನ್ ಮೇಷ್ಟ್ರೇ, ಕುಲ್ಡನ್ನ ಮಾಡಿದ್ದೀರಾ? ಕುಲ್ಡನ್ನ ಕಂಡ್ರೆ ಜನುಕ್ಕೆ ಅಯ್ಯೋ ಪಾಪ ಅನ್ನುಸ್ತೈತೆ. ಕಣ್ ಬರೀರಿ. ಕೆಂಪುಗಿರ್ಲಿ."

ದೊಡ್ಡಪ್ಪನ ಮಾತು ಅವರಿಗೆ ಹೇಳೋಣವೆಂದು ಬಾಯಿ ತೆಗೆದೆ. ಅವರ ಪಕ್ಕದಲ್ಲಿ ನಿಂತಿದ್ದ ಯಾರೋ ಒಬ್ಬರು, "ಚೀನೀರ ಮ್ಯಾಲೆ ಮೇಷ್ಟ್ರುಗೇ ಅಯ್ಯೋ ಪಾಪ ಇರ್ಬೇಕು ಬುಡಿ" ಎಂದರು. ತಮಾಷೆಗೇ ಅಂದರು. ಏಣಿ ತರಿಸಿ ಕಣ್ಣು ಬರೆದೆ. ಬಲಗಣ್ಣು ಸ್ವಲ್ಪ ಓರೆಯಾಯಿತು. ಎಡದ್ದು ಸರಿಯಾಗಿ ಬಂತು.

೧೮ ನವೆಂಬರ್, ಭಾನುವಾರ. ಹೊಳೆನರಸೀಪುರ

ರೇಡಿಯೋದಲ್ಲಿ ಕೆಟ್ಟ ಸುದ್ದಿ, ನಮ್ಮ ಸೈನಿಕರು ಹಿಂದೆ ಸರಿಯುತ್ತಿದ್ದಾರಂತೆ. ಊರಿನಲ್ಲಿ ಯಾರ ಮುಖದಲ್ಲೂ ರಕ್ತವಿಲ್ಲ. ಹೊಳೆಯ ಬದಿಯಲ್ಲಿ ಸಭೆ. ಹುಟ್ಟೂರಿನ ಕೆಲಸ ಎಂದು ಔಷಧಿಯವನ ಮುಖ ಇಟ್ಟುಕೊಂಡಿದ್ದೆ. ಆ ಹನ್ನೊಂದರಲ್ಲಿ ಗೆರೆ ಚೆನ್ನಾಗಿರುವುದು ಅದರದ್ದೇ. ಈಗ ಕೈ ಪಳಗಿದೆ, ಬೆಳಿಗ್ಗೆ ಕೂತವನು ಹತ್ತು ಗಂಟೆಗೆ ಕಣ್ಣು ಸಮೇತ ಮುಗಿಸಿದೆ.

ಅಕ್ಕ ಶ್ರೀರಂಗಮ್ಮ ದೇವಸ್ಥಾನದಿಂದ ಬರುತ್ತಾ ಗೊಂಬೆಯ ಮುಂದೆ ನಿಂತಳು. "ನರಸಿಂಹ, ಈ ಮುಖ ಎಲ್ಲೋ ನೋಡಿದೀನಲ್ಲೋ. ನೀನು ಪಿನಾಂಗಿಂದ ಬಂದಾಗ ತೋರಿಸಿದ್ಯಲ್ಲ, ನಿನಗೆ ಔಷಧಿ ಕೊಟ್ಟು ಬದುಕಿಸಿದೋರು ಅಂತ..."

"ಯಾರದೂ ಅಲ್ಲ" ಎಂದೆ. ಸುತ್ತ ಜನ ಇದ್ದರು. ಅವಳಿಗೆ ಎಲ್ಲಿ ಏನು ಮಾತಾಡಬೇಕೆಂದೇ ಗೊತ್ತಿಲ್ಲ. ಮನೆಗೆ ಹೋದ ಮೇಲೆ ಗದರಿಸಿದೆ. ಪಾಪ, ಅತ್ತಳು. ಅತ್ತರೆ ಅಳಲಿ, ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಹೋಗುವ ಮಾತು ಅದು.

ಬೆಂಕಿ ಹಚ್ಚುವಾಗ ಈ ಸಲ ಮುಂದಿನ ಸಾಲಿನಲ್ಲಿ ನಿಂತೆ. ಹಿಂದೆ ನಿಂತರೆ ಜನ ಏನೆಂದುಕೊಂಡಾರು?

೨೨ ನವೆಂಬರ್, ಗುರುವಾರ. ಚನ್ನರಾಯಪಟ್ಟಣ

ಚೀನಾದವರು ಯುದ್ಧ ನಿಲ್ಲಿಸಿದ್ದಾರಂತೆ. ಸ್ಟಾಫ್ ರೂಮಿನಲ್ಲಿ ಪಾಲಾಕ್ಷ ಉಪ್ಪಿಟ್ಟು ತರಿಸಿದರು. ಎಲ್ಲರಿಗೂ ನಿರಾಳ. ನನಗೆ ಮಾತ್ರ ಇಲ್ಲ. ಯುದ್ಧ ಇದ್ದಾಗ ಪೊಲೀಸರಿಗೆ ಕೈತುಂಬಾ ಕೆಲಸ. ಇನ್ನು ಪುರಸೊತ್ತಾಗಿ ಯಾರ್ಯಾರ ಮನೆಯಲ್ಲಿ ಏನೇನಿದೆ ಎಂದು ನೋಡುತ್ತಾರೆ.

ಹಾಸನದ ಭಾನುವಾರದ ಸಭೆ ನಿಂತಿಲ್ಲ. ಚೀನಾದವರ ಮಾತು ನಂಬುವುದು ಹೇಗೆ ಎಂದು ಕಮಿಟಿಯವರು ಇನ್ನೂ ದೊಡ್ಡದಾಗಿಯೇ ಮಾಡುತ್ತಾರಂತೆ. ಅವರಿಗೆ ಗಂಡು ಗೊಂಬೆ ಬೇಡ, ಎಲ್ಲ ಕಡೆ ಅದೇ ಆಯಿತು. ಹೆಮ್ಮಾರಿ ಬೇಕಂತೆ. ಮುದಿ ಹೆಮ್ಮಾರಿ.

೨೪ ನವೆಂಬರ್, ಶನಿವಾರ

ಹನ್ನೊಂದರಲ್ಲಿ ಮುದುಕಿ ಇರುವುದು ಒಂದೇ. ಹಾಳೆ ಮುಂದಿಟ್ಟುಕೊಂಡು ಕೂತಿದ್ದಾಗ ಗೋದಮ್ಮ ಕಾಫಿ ತಂದಳು. ನೋಡಿದಳು. ಲೋಟ ಕೆಳಗಿಟ್ಟು ಅಲ್ಲೇ ಕೂತುಬಿಟ್ಟಳು.

"ಇವರದು ಬೇಡಾಂದ್ರೆ."

"ಬೇರೆ ಯಾರದ್ದು ಬರೀಲಿ? ನಿನ್ನದಾ?"

"ನನ್ನದೇ ಬರೀರಿ. ಕೋರೆಹಲ್ಲು ಹಾಕಿ, ನಾಲಿಗೆ ಹಾಕಿ, ಎಲ್ಲಿ ಬೇಕಾದ್ರೂ ಸುಡಿ. ಉಂಡ ಮನೆಗೆ ಎರಡು ಬಗೀಬಾರ್ದು. ನೀವು ಬದುಕಿ ಬಂದು ನನ್ನ ಕೊರಳಿಗೆ ತಾಳಿ ಕಟ್ಟಿದ್ದು ಇವರ ಗಂಜಿಯಿಂದ."

"ಕಟ್ಟನ್ನ ಒಲೆಗೆ ಹಾಕು ಅಂದೋಳು ನೀನೇ ಅಲ್ವೇನೆ?"

"ನಮ್ಮನೆ ಒಲೇಗೆ ಅಂದೆ. ನಾವಿಬ್ರೇ ಕಣ್ಣೀರು ಹಾಕ್ಕೊಂಡು ಸುಡೋದು ಬೇರೆ. ಊರೋರ ಕೈಲಿ ಉಗಿಸಿ ಸುಡೋದು ಬೇರೆ."

ಹೆಂಗಸರಿಗೆ ಈ ಕಾಲದ ಗಂಭೀರತೆ ತಿಳಿಯದು. ನನ್ನ ಕೆಲಸ ಹೋದರೆ ಇವಳು ಎಲ್ಲಿ ನಿಲ್ಲುತ್ತಾಳೆ? ಹಾಗೆಂದೆ. ಅವಳು ಎದ್ದು ಒಳಗೆ ಹೋದಳು. ಲೋಟದ ಕಾಫಿ ಆರಿಹೋಗಿತ್ತು, ಹಾಗೇ ಕುಡಿದೆ. ಸಂಜೆಯ ಹೊತ್ತಿಗೆ ಮುಖ ಮುಗಿಯಿತು. ಸುಕ್ಕುಗಳು ಬಹಳ ಚೆನ್ನಾಗಿ ಬಂದಿವೆ.

೨೫ ನವೆಂಬರ್, ಭಾನುವಾರ. ಹಾಸನ

ಹದಿನೆಂಟು ಅಡಿ. ಸುಡುವ ಮೊದಲು ಸಾಲಾಗಿ ಬಂದು ಉಗಿದರು, ಚಪ್ಪಲಿ ಎಸೆದರು. ಕಮಿಟಿಯವರು ವೇದಿಕೆಯ ಮೇಲೆ ಕರೆದು ನನಗೆ ಹಾರ ಹಾಕಿದರು. "ಕಣ್ಣಿಗೆ ಕಟ್ಟಿದ ಹಾಗಿದೆ" ಎಂದರು. ಹೆಡ್‌ಮಾಸ್ಟರೂ ಬಂದಿದ್ದರು, ಬೆನ್ನು ತಟ್ಟಿದರು. ಇನ್ನು ನನ್ನ ಮೇಲೆ ಯಾರು ಬೆರಳು ತೋರಿಸುತ್ತಾರೆ ನೋಡೋಣ.

೨ ಡಿಸೆಂಬರ್, ಭಾನುವಾರ. ಚನ್ನರಾಯಪಟ್ಟಣ

ಕಟ್ಟಿನಲ್ಲಿದ್ದ ಹಾಳೆಗಳನ್ನೆಲ್ಲ ಬೆಳಿಗ್ಗೆ ಹಂಡೆ ಒಲೆಗೆ ಹಾಕಿದೆ. ಕೊಲಂಬೊದವು, ರಂಗೂನಿನವು ಇಟ್ಟುಕೊಳ್ಳಬಹುದಿತ್ತು. ಬೇಡ, ಮುಖ ಮುಖವೇ. ದಪ್ಪ ಕಾಗದ, ನೀರು ಚೆನ್ನಾಗಿ ಕಾಯಿತು.

ಗೋದಮ್ಮ ತಣ್ಣೀರಿನಲ್ಲಿ ಸ್ನಾನ ಮಾಡಿದಳು.

೧೪ ಡಿಸೆಂಬರ್, ಶುಕ್ರವಾರ

ಬೋರಪ್ಪ ಮತ್ತೆ ಹೇಳಿಕಳಿಸಿದ. ಹಾರ ಹಾಕಿಸಿಕೊಂಡವನಿಗೆ ಯಾವ ಭಯ ಎಂದು ನನಗೆ ನಾನೇ ಹೇಳಿಕೊಳ್ಳುತ್ತಾ ಹೋದೆ. ಸ್ಟೇಷನ್ನಿನ ಬಾಗಿಲು ದಾಟಿ ಒಂದು ಸಲ ಮುಂದೆ ಹೋಗಿ ತಿರುಗಿ ಬಂದೆ.

ಮೇಜಿನ ಮೇಲೆ ಕಾಗದವೊಂದು ಬಿಚ್ಚಿಟ್ಟಿತ್ತು. ಪಿನಾಂಗಿನ ಅಂಚೆಚೀಟಿ. ಲಿಮ್‌ನ ಕೈಬರಹ ನಾಲ್ಕು ಮಾರು ದೂರದಿಂದಲೇ ಗುರುತು ಸಿಕ್ಕಿತು. ಹೊರದೇಶದ ಕಾಗದಗಳನ್ನೆಲ್ಲ ಈಗ ಬಿಚ್ಚಿ ನೋಡುತ್ತಾರೆ.

"ಕುಂತ್ಕಳಿ ಸಾಮಿ, ಎದ್ರುಕಬ್ಯಾಡಿ. ಸಾಯೇಬ್ರು ಓದವ್ರೆ, ಏನೂ ಇಲ್ವಂತೆ. ಮಲಯಾದೋರು ನಮ್ ಕಡೆಯೋರೇ ಅಂತೆ" ಎಂದ ಬೋರಪ್ಪ. "ಯಾರೋ ಔಷ್ದಿ ಅಂಗ್ಡಿಯೋರು ಬರ್ದವ್ರೆ. ಅವುರವ್ವ ಲಡಾಯಿ ಸುದ್ದಿ ಕೇಳ್ದಾಗಿಂದ ಅನ್ನ ಸರ್ಯಾಗ್ ಉಣ್ತಾ ಇಲ್ವಂತೆ. ನಿಮ್ಮೂರ್ ಮ್ಯಾಲೆ ಗುಂಡ್ ಬಿತ್ತಾ, ನೀವು ಇದ್ದೀರಾ ಇಲ್ವಾ ಅಂತ ದಿನಾ ಕೇಳ್ತಾಳಂತೆ. ಕಷ್ಟ ಆದ್ರೆ ಎಂಡ್ರುನ್ನ ಕರ್ಕಂಡು ನಮ್ಮನೇಗೇ ಬಂದ್ಬುಡಿ ಅಂತ ಬರ್ಸವ್ಳೆ ಕಣ್ ಸಾಮಿ. ಸಾಯೇಬ್ರು ಓದಿ ಯೋಳ್ದಾಗ ನಮ್ಮವ್ವನೇ ಬರ್ಸಿದಂಗಾಯ್ತು. ತಗಂಡೋಗಿ. ಒಂದ್ ಉತ್ರ ಬರ್ದಾಕಿ, ಪಾಪ."

ಕಾಗದವನ್ನು ನನ್ನ ಕಡೆ ನೂಕಿದ. ನಾನು ಮುಟ್ಟಲಿಲ್ಲ. ಮುಟ್ಟಿದರೆ ನನ್ನದೆಂದಾಗುತ್ತದೆ.

"ಇವರು ಯಾರೋ ನನಗೆ ಗೊತ್ತಿಲ್ಲ" ಎಂದೆ.

"ಎಸ್ರು ನಿಮ್ದೇ ಐತಲ್ಲ ಸಾಮಿ. ಇಸ್ಕೂಲ್ ಎಸ್ರೂ ಐತೆ."

"ನನಗೆ ಪಿನಾಂಗಿನಲ್ಲಿ ಯಾರೂ ಗೊತ್ತಿಲ್ಲ."

ಅವನು ನನ್ನನ್ನೇ ನೋಡಿದ. ಬೈಯಲಿಲ್ಲ, ಇಲಿಯ ತಮಾಷೆಯನ್ನೂ ಮಾಡಲಿಲ್ಲ. "ನಮ್ಮವ್ವ ಓದ್ ಸ್ವಾಮಾರ ಓಗ್ಬುಟ್ಲು" ಎಂದ. "ನೀವು ಬತ್ತೀನಿ ಅಂದಿದ್ರಿ. ಎಲ್ಡ್ ಭಾನ್ವಾರ ಸೀರೆ ಉಟ್ಕಂಡು ಜಗ್ಲೀ ಮ್ಯಾಲೆ ಕುಂತಿದ್ಲು."

ಕಾಗದವನ್ನು ಏನು ಮಾಡುತ್ತೀರಿ ಎಂದು ಕೇಳಿದೆ. ಬೇರೆ ಏನು ಹೇಳಿದರೂ ಇನ್ನೊಂದು ಪ್ರಶ್ನೆ ಬರುತ್ತದೆ.

ಆಮೇಲೆ ಅವನು ಒಂದು ಚೀಟಿಯಲ್ಲಿ ಬರೆದುಕೊಂಡ, ನಾನು ಸಹಿ ಹಾಕಿದೆ. ಕಾಗದವನ್ನು ಮತ್ತೆ ಲಕೋಟೆಗೆ ಸೇರಿಸಿ, ಈ ವಿಳಾಸದಲ್ಲಿ ಅಂಥವರು ಇಲ್ಲ ಎಂದು ಮೇಲೆ ಬರೆಸಿ ವಾಪಸು ಕಳಿಸುತ್ತಾರಂತೆ. ನಾನು ಕೇಳಿ ಖಚಿತ ಮಾಡಿಕೊಂಡು ಬಂದೆ. ಮನೆಯಲ್ಲಿ ಹೇಳಿಲ್ಲ.

ಪಿನಾಂಗು ಮುಟ್ಟಲು ಮೂರು ವಾರ ಬೇಕು. ಲಕೋಟೆ ಹ್ಯಾಗೆ ಹೋಗಿತ್ತೋ ಹಾಗೇ ತಿರುಗಿ ಬಂದದ್ದು ನೋಡಿ, ನಾನು ಯುದ್ಧದಲ್ಲಿ ಸತ್ತೆ ಎಂದುಕೊಳ್ಳುತ್ತಾರೆ. ಮುದುಕಿ ನಾಲ್ಕು ದಿನ ಅಳುತ್ತಾಳೆ. ಅಷ್ಟಕ್ಕೆ ಮುಗಿಯಿತು. ಸತ್ತವರಿಗೆ ಯಾರೂ ಕಾಗದ ಬರೆಯುವುದಿಲ್ಲ.